ಮೂರಡಿ ಆಳಕ್ಕೆ

ಆರಡಿ ಉದ್ದ, ಮೂರಡಿ ಆಳ.
ಮುಚ್ಚಿಹೋದ ಫ್ಯಾಮಿಲಿ ರೆಸ್ಟೋರೆಂಟಿನಿಂದ
ಎಂಟು ಜನ ಹೊತ್ತು ತಂದು
ವಿನೋಬನಗರದ ನಮ್ಮ ಪಡಸಾಲೆಗೆ ಇಳಿಸಿದಾಗ
ಓಣಿಯವರು ಕೇಳಿದ್ದು ಒಂದೇ:
"ಏನು ಸಾಕ್ತೀರಿ ಇದ್ರಾಗೆ, ಮೊಸಳೇನಾ?"

ತುಂಬಲು ನಲ್ಲಿಯ ಎರಡು ಸರದಿ ಬೇಕಾಯಿತು.
ತುಂಬಿದ ಮೇಲೆ ತಿಳಿಯಿತು,
ತಳ ಕಾಣುವುದಿಲ್ಲ.

"ಅಮ್ಮಾ, ಲೈಟು ಮೇಲೆ ಹಾಕೋದು ಸಲೀಸು,
ಕೆಳಗೆ ಮುಟ್ಟಿಸೋದೇ ಕಷ್ಟ ಐತಿ" ಅಂದ ದಾದಾಪೀರ್.
"ನೀರು ಬೆಳಕು ಕುಡೀತತಿ.
ಮೊದಲು ಕೆಂಪು ಕುಡೀತತಿ."

ಕೆಂಪು ಮೊದಲು.
ನನಗೆ ಗೊತ್ತಿರುವ ವಿದ್ಯೆ ಅದೊಂದೇ, ಬಣ್ಣ.
ಮಂಡಿಪೇಟೆಯ ಮೂಲೆಯಲ್ಲಿ ಹತ್ತಡಿ ಮ್ಯಾಚಿಂಗ್ ಸೆಂಟರ್,
ಮೂವತ್ತೊಂದು ವರ್ಷ
ಬೇರೆಯವರ ಸೆರಗಿಗೆ ಕುಪ್ಪಸದ ಬಟ್ಟೆ ಹಿಡಿದು ನಿಂತವಳು.
ಟ್ಯೂಬ್‌ಲೈಟಿನಡಿ ಒಂದೇ ಆಗಿ ಕಂಡ ಎರಡು ಕುಂಕುಮ
ಹೊಸ್ತಿಲಾಚೆಯ ಬಿಸಿಲಿಗೆ ಹೋದ ಕೂಡಲೇ
ವಾರಗಿತ್ತಿಯರ ಹಾಗೆ ಮುಖ ತಿರುಗಿಸುತ್ತಿದ್ದವು.
"ಹೊರಗೆ ತಂದು ನೋಡಿ" ಎನ್ನುವುದು ನನ್ನ ಬಾಯಿಪಾಠ.

ಮೀನನ್ನು ಹೇಗೆ ಹೊರಗೆ ತಂದು ನೋಡಲಿ?

ಮೂರು ದೀಪ ತಂದಿಟ್ಟ.
ಒಂದು ಆರೂವರೆ ಸಾವಿರ ಕೆಲ್ವಿನ್ನಿನ ಬಿಳಿ,
ಹಚ್ಚಿದರೆ ಪಡಸಾಲೆಯೆಲ್ಲ ಹಲ್ಲಿನ ಡಾಕ್ಟರ ಕೋಣೆ.
ಒಂದು ನೀಲಿ ಬೆರೆತದ್ದು, ಆರತಕ್ಷತೆಯ ಸ್ಟೇಜು.
ಇನ್ನೊಂದು ಪುಟ್ಟ ಹಳದಿ, ದಪ್ಪ ಗಾಜಿನ ಕಣ್ಣಿನದು,
ಬಾವಿಗೆ ಬಿಟ್ಟ ಹಗ್ಗದಂತೆ ನೆಟ್ಟಗೆ ಇಳಿಯಿತು.

"ಯಾವುದು ಚಂದ, ನೀವೇ ಹೇಳ್ರಿ."

ಯಾವ ಕಣ್ಣಿಂದ ಹೇಳಲಿ?
ಬಲಗಣ್ಣಿನ ಪೊರೆ ತೆಗೆದು ಎರಡು ತಿಂಗಳು,
ಎಡದ್ದು ಇನ್ನೂ ಇದೆ.
ಎಡಗಣ್ಣು ಮುಚ್ಚಿದರೆ ಲೋಕ ನೀಲಿಯಲ್ಲಿ ಅದ್ದಿ ತೆಗೆದ ಪಂಚೆ,
ಬಲಗಣ್ಣು ಮುಚ್ಚಿದರೆ ಕಾಸಿದ ತುಪ್ಪ.
ಅಂಗಡಿಯ ಕೊನೆಯ ಐದಾರು ವರ್ಷ
ಎಷ್ಟು ಮದುವೆಗಳಿಗೆ ಈ ತುಪ್ಪ ಬೆರೆಸಿ ಕಳಿಸಿದೆನೋ!
ಯಾರೂ ತಿರುಗಿ ತರಲಿಲ್ಲ.
ಇಲ್ಲ, ಒಬ್ಬಳು ತಂದಿದ್ದಳು, ಹರಪನಹಳ್ಳಿ ಕಡೆಯವಳು.
"ನನ್ನ ಸೀರೆ ನವಿಲುಕಂಠ ರೀ, ಇದು ಬರೀ ಹಸಿರು."
"ಎರಡೂ ಒಂದೇ" ಅಂದೆ, ಗಟ್ಟಿ ದನಿಯಲ್ಲಿ,
ಗಿರಾಕಿಗಳೆಲ್ಲ ಕೇಳುವ ಹಾಗೆ.
ಅವಳು ಹೊಸ್ತಿಲಾಚೆ ಬಿಸಿಲಲ್ಲಿ ಎರಡನ್ನೂ ಹಿಡಿದು
ಸ್ವಲ್ಪ ಹೊತ್ತು ನಿಂತಳು.
ಮಡಚಿಕೊಂಡು ಹೋದಳು.

ಟ್ರಂಕಿನಲ್ಲಿ ಉಳಿದ ರುಬಿಯಾ ತುಂಡುಗಳನ್ನು
ಕುದಿಸಿ, ಜಾಲಿಸಿ, ಬಣ್ಣ ಬಿಡದ ನಾಲ್ಕನ್ನು ಆರಿಸಿ
ಕಲ್ಲು ಕಟ್ಟಿ ತಳಕ್ಕೆ ಇಳಿಬಿಟ್ಟೆ.
ದಾದಾಪೀರ್ ನಕ್ಕ, "ಮೀನಿಗೆ ಕುಪ್ಪಸ ಹೊಲಿಸ್ತೀರೇನು?"

ನೀಲಿಯಲ್ಲಿ ಕೆಂಪು ಬದನೆಕಾಯಾಯಿತು, ಸಾಸಿವೆ ಕೆಸರಾಯಿತು.
ಬಿಳಿಯಲ್ಲಿ ನಾಲ್ಕೂ ಶಾಲೆಯ ಮಕ್ಕಳಂತೆ ಹೆಸರು ಹೇಳಿದವು,
ಆದರೆ ಬೋಟಿಯಾ ಮೀನುಗಳು ಆರೂ
ಫಿಲ್ಟರಿನ ಪೈಪಿನ ಹಿಂದೆ ಸೇರಿಕೊಂಡವು.
"ಪಾಚೀನೂ ಬರ್ತತಿ, ಹದಿನೈದು ದಿನ ಸಾಕು,
ಆಮೇಲೆ ಗಾಜು ಉಜ್ಜೋದೇ ಕೆಲಸ" ಅಂದ.
ಹಳದಿ ಹಚ್ಚಿ ನಾವಿಬ್ಬರೂ ಚಹಾ ಕುಡಿದೆವು.
ಲೋಟ ಕೆಳಗಿಡುವಷ್ಟರಲ್ಲಿ ಒಂದು ಹೊರಗೆ ಬಂತು,
ಬೆಳಕಿನ ಅಂಚನ್ನು ಮೀಸೆಯಲ್ಲಿ ಮುಟ್ಟಿ ನೋಡಿತು,
ನವಿಲುಕಂಠದ ತುಂಡಿನ ಕೆಳಗೆ ತೂರಿ
ಬಾಲ ಮಾತ್ರ ಹೊರಗಿಟ್ಟು ಮಲಗಿತು.

ಎಡತುದಿಗೆ ಆ ಒಂದು ದೀಪ, ಗಿಡಗಳಿರುವ ಕಡೆ.
ಟೈಮರು ಎಂಟು ತಾಸಿಗೆ.
ಬಲತುದಿ ಹಾಗೇ ಇರಲಿ.
"ಅರ್ಧ ತೊಟ್ಟಿ ಕತ್ತಲಾಗೆ ಬಿಟ್ರೆ
ಇಷ್ಟು ದೊಡ್ಡದು ಯಾಕೆ ತಗೊಂಡ್ರಿ?"
ಬೈಕಿನ ಹಿಂದೆ ಉಳಿದೆರಡು ದೀಪ ಕಟ್ಟುತ್ತಾ
ಗೊಣಗುತ್ತಲೇ ಹೋದ.

ಉಳಿದ ಮೂರು ತುಂಡು ತೆಗೆದೆ.
ಅದೊಂದನ್ನು ತೆಗೆಯಲು ಮೀನು ಬಿಡಲಿಲ್ಲ.

ರಾತ್ರಿ ಮಂಡಕ್ಕಿ ತಿನ್ನುತ್ತಾ ಎದುರಿಗೆ ಕೂರುತ್ತೇನೆ.
ಬಲಗಣ್ಣಿಗೆ ಅದು ನೀಲಿ,
ತಪ್ಪೇ ಇಲ್ಲದ ನೀಲಿ.
ಎಡಗಣ್ಣಿನ ಆಪರೇಶನ್ ಬರುವ ಗುರುವಾರ.
ಅಷ್ಟರೊಳಗೆ ಬಲಗೈಯಿಂದ ಬಲಗಣ್ಣು ಮುಚ್ಚಿ
ಇನ್ನೊಂದೆರಡು ಸಲ ನೋಡಿಕೊಳ್ಳಬೇಕು,
ಒಂದೇ ಇದ್ದವಲ್ಲ ಎರಡೂ,
ಆಗ.